ಕುಂಕುಮವೆಂದು ಕೈಮುಗಿದ ತುಕ್ಕು

ಸಾವಿರದ ಒಂಬೈನೂರ ಐವತ್ತನಾಲ್ಕನೇ ಇಸವಿಯಲ್ಲಿ ನಾನು ಕೆಂಗೇರಿಯ ಒಂದು ರೇಷ್ಮೆ ಕಾರ್ಖಾನೆಯಲ್ಲಿ ನೂಲು ಬಿಚ್ಚುವ ಕೆಲಸಕ್ಕೆ ಸೇರಿದೆ. ಆಗ ನನಗೆ ಇಪ್ಪತ್ತೆರಡು ವರ್ಷ. ನಿಮ್ಮ ತಾತ ವಿಷಮಶೀತ ಜ್ವರದಲ್ಲಿ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ನಿಮ್ಮ ಅಪ್ಪ ಎದೆಹಾಲಿನ ಕೂಸು. ಊರಿನ ಶಾಲೆಯಲ್ಲಿ ನಾಲ್ಕನೇ ತರಗತಿಯವರೆಗೆ ಓದಿದ್ದೆ, ಓದು ಬರಹ ಬರುತ್ತಿತ್ತು. ಆದರೆ ಅದನ್ನು ನಂಬಿ ಯಾರೂ ಕೆಲಸ ಕೊಡುವ ಹಾಗಿರಲಿಲ್ಲ. ಕೆಂಗೇರಿಯಲ್ಲಿದ್ದ ಅಣ್ಣನ ಮನೆಯಲ್ಲಿ ಒಂದು ಮೂಲೆ ಸಿಕ್ಕಿತು, ಕಾರ್ಖಾನೆಯಲ್ಲಿ ಒಂದು ಬೇಸಿನ್ ಸಿಕ್ಕಿತು.

ಮೊನ್ನೆ ಇಲ್ಲಿ, ಆರ್‌ಪಿಸಿ ಲೇಔಟಿನಲ್ಲಿ, ನಮ್ಮ ಪಕ್ಕದ ಕಟ್ಟಡದ ಕಬ್ಬಿಣದ ಮೆಟ್ಟಿಲಿಗೆ ಇಬ್ಬರು ತುಕ್ಕು ಕೆರೆಯದೆಯೇ ಬಣ್ಣ ಬಳಿಯುತ್ತಿದ್ದರು. ನಾನು ಗೇಟಿನ ಹತ್ತಿರ ನಿಂತು ಅವರನ್ನು ಬೈದೆ. ನೀವು ಮೂವರು ಮೊಮ್ಮಕ್ಕಳೂ ಬಾಲ್ಕನಿಯಲ್ಲಿ ನಿಂತು ನಕ್ಕಿರಿ. "ಅಜ್ಜಿಗೆ ಬೈಯೋಕೂ ಬರುತ್ತಾ!" ಎಂದಿರಿ. ಬರುತ್ತದೆ. ನನ್ನ ಬಾಯಿ ಸಣ್ಣದು, ಸಿಟ್ಟು ಸಣ್ಣದಲ್ಲ. ಎದುರಿಗೆ ಕೂತು ಹೇಳು ಎಂದರೆ ನನ್ನಿಂದ ಆಗುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಮೊದಲು ಕೆಲಸ ಏನೆಂದು ಹೇಳುತ್ತೇನೆ. ರೇಷ್ಮೆಹುಳ ತನ್ನ ಸುತ್ತ ನೂಲು ಸುತ್ತಿಕೊಂಡು ಗೂಡು ಕಟ್ಟುತ್ತದೆ. ಆ ಗೂಡನ್ನು ಕುದಿಯುವ ನೀರಿಗೆ ಹಾಕಿದರೆ ಅಂಟು ಸಡಿಲವಾಗಿ ಎಳೆಯ ತುದಿ ಸಿಗುತ್ತದೆ. ಐದಾರು ಗೂಡುಗಳ ಎಳೆಗಳನ್ನು ಒಟ್ಟಿಗೆ ಹಿಡಿದು ತಿರುಗುವ ರಾಟೆಗೆ ಕೊಡಬೇಕು. ನೀರಿನ ತೊಟ್ಟಿಗೆ ಬೇಸಿನ್ ಎನ್ನುತ್ತಿದ್ದರು. ಒಬ್ಬೊಬ್ಬ ಹೆಂಗಸಿನ ಮುಂದೆ ಒಂದೊಂದು ಬೇಸಿನ್, ಪ್ರತಿಯೊಂದರ ಕೆಳಗೂ ಉರಿ. ಬೆಳಗಿನಿಂದ ಸಂಜೆಯವರೆಗೆ ಕೈ ಬಿಸಿನೀರಿನಲ್ಲಿ. ಬೆರಳ ತುದಿಯ ಚರ್ಮ ಬೆಳ್ಳಗಾಗಿ ಸುಲಿಯುತ್ತಿತ್ತು. ಆವಿಯಲ್ಲಿ ಎದುರು ಸಾಲಿನವರ ಮುಖ ಕಾಣುತ್ತಿರಲಿಲ್ಲ.

ಆ ಆವಿಯೇ ಈ ಕಥೆಯ ಮೂಲ. ಕಾರ್ಖಾನೆಗೆಂದು ಕಟ್ಟಿದ ಕಟ್ಟಡ ಅದಲ್ಲ, ಯಾವುದೋ ಕಾಲದ ಧಾನ್ಯದ ಮಂಡಿ. ದಪ್ಪ ಇಟ್ಟಿಗೆ ಗೋಡೆ, ಮೇಲೆ ತಾರಸಿ. ಆ ತಾರಸಿಯನ್ನು ಹೊತ್ತದ್ದು ನಾಲ್ಕು ಕಬ್ಬಿಣದ ಗರ್ಡರುಗಳು. ಗರ್ಡರ್ ಎಂದರೆ ಇಂಗ್ಲಿಷಿನ ಐ ಅಕ್ಷರದ ಆಕಾರದ ಉಕ್ಕಿನ ತೊಲೆ, ಮೇಲೊಂದು ಪಟ್ಟಿ, ಕೆಳಗೊಂದು ಪಟ್ಟಿ, ನಡುವೆ ನಿಂತ ತಗಡು. ಈ ಗೋಡೆಯಿಂದ ಆ ಗೋಡೆಗೆ ಅವು ಹಾದಿದ್ದವು, ಎರಡು ತುದಿಗಳೂ ಗೋಡೆಯೊಳಗೆ ಹೂತಿದ್ದವು. ಅವುಗಳ ಮೇಲೆ ಮರದ ಜಂತೆ, ಜಂತೆಯ ಮೇಲೆ ಇಟ್ಟಿಗೆ ಮತ್ತು ಗಾರೆ. ಧಾನ್ಯ ಇಟ್ಟಿದ್ದಾಗ ಒಳಗೆ ಒಣಗಾಳಿ ಇತ್ತು, ಗರ್ಡರಿಗೆ ಏನೂ ಆಗಿರಲಿಲ್ಲ. ಬೇಸಿನ್ನುಗಳು ಬಂದ ಮೇಲೆ ಆವಿ ಮೇಲೇರಿ ಕಬ್ಬಿಣಕ್ಕೆ ತಾಗಿ ನೀರಾಗಿ, ಇಳಿಯುತ್ತಾ ಹೋಗಿ ಗೋಡೆಯೊಳಗಿನ ತುದಿಯಲ್ಲಿ ನಿಲ್ಲುತ್ತಿತ್ತು. ಆವಿ ಆಚೆ ಹೋಗಲು ತಾರಸಿಯಲ್ಲಿ ಒಂದು ಕಿಂಡಿಯನ್ನೂ ಬಿಡಿಸಿರಲಿಲ್ಲ. ಗಾಳಿ ಬಂದರೆ ಎಳೆ ತುಂಡಾಗುತ್ತದೆ ಎಂದು ಇದ್ದ ಕಿಟಕಿಗಳನ್ನೂ ಮುಚ್ಚಿಸಿದ್ದರು.

ಆ ಗರ್ಡರುಗಳಿಗೇ ನಾವು ಮಕ್ಕಳ ಜೋಲಿ ಕಟ್ಟುತ್ತಿದ್ದೆವು. ಹಳೆಯ ಸೀರೆಯ ಎರಡು ತುದಿ ಸೇರಿಸಿ, ಹಗ್ಗ ಹಾಕಿ ಗರ್ಡರಿನ ಮೇಲಿಂದ ಇಳಿಬಿಟ್ಟರೆ ತೊಟ್ಟಿಲಾಯಿತು. ಕಾಲಿಗೆ ಒಂದು ದಾರ ಕಟ್ಟಿಕೊಂಡು, ಕೈ ಬೇಸಿನ್ನಿನಲ್ಲಿದ್ದಾಗ ಕಾಲಿನಿಂದ ತೂಗುವುದು. ಹಾಲೂಡಿಸಲು ನಾವು ಮನೆಗೆ ಹೋಗುವುದು ತಪ್ಪುತ್ತಿತ್ತು. ಆದ್ದರಿಂದ ಕಾರ್ಖಾನೆ ನಡೆಸುತ್ತಿದ್ದ ಸಾಹುಕಾರರೂ ಜೋಲಿಗೆ ಬೇಡ ಎನ್ನುತ್ತಿರಲಿಲ್ಲ. ಸಾಹುಕಾರರು ಎಂದು ಬಹುವಚನದಲ್ಲಿ ಬರೆಯುವುದು ಅಭ್ಯಾಸಬಲ. ಮನಸ್ಸಿನಲ್ಲಿ ಇಂದಿಗೂ ಏಕವಚನವೇ.

ನಾನು ಸೇರಿದ ಮೊದಲ ಶುಕ್ರವಾರವೇ ಒಂದು ವಿಚಿತ್ರ ನೋಡಿದೆ. ಬೆಳಿಗ್ಗೆ ಉರಿ ಹಚ್ಚುವ ಮೊದಲು ಹೆಂಗಸರೆಲ್ಲ ಗರ್ಡರುಗಳ ಕೆಳಗೆ ನಿಂತು ಕೈಮುಗಿದರು. ಹೊನ್ನಕ್ಕ ಏಣಿ ಹತ್ತಿ ನಡುವಿನ ಒಂದು ಗರ್ಡರಿಗೆ ಅರಿಶಿನದ ನೀರು ಎರಚಿ, ಹೂವಿನ ಸರ ಕಟ್ಟಿದಳು. ಸಾಹುಕಾರರು ಬಂದು ಕಾಯಿ ಒಡೆದು ಕಾಯಿನೀರನ್ನು ಕಬ್ಬಿಣದ ಮೇಲೆ ಚಿಮುಕಿಸಿದರು. ಹೊನ್ನಕ್ಕ ನಮ್ಮಲ್ಲೆಲ್ಲ ಹಿರಿಯಳು, ಕೆಂಗೇರಿಯ ಹಳೆಯ ಒಕ್ಕಲು ಮನೆತನದವಳು. ಅವಳ ಗಂಟಲು ಊರಾಚೆಗೂ ಕೇಳಿಸುತ್ತಿತ್ತು. ಅವಳೇ ನನಗೆ ವಿವರಿಸಿದಳು.

"ನಾಕು ವರ್ಷದಿಂದ ಅಮ್ಮ ಇಲ್ಲಿ ನೆಲೆಸವ್ಳೆ ಕಣವ್ವ. ಒಂದು ಶುಕ್ರವಾರ ಜೋಲೀಲಿ ಮಲಗಿದ್ದ ಕೂಸಿನ ಹಣೆ ಮೇಲೆ ಮೇಲಿಂದ ಕುಂಕುಮ ಉದುರ್ತು. ಸರಿಯಾಗಿ ಎರಡು ಹುಬ್ಬಿನ ಮಧ್ಯೆ. ಅವತ್ತಿಂದ ಬಿಟ್ಟೂ ಬಿಡದೆ ಉದುರ್ತಾನೇ ಅದೆ. ನೋಡು, ನಮ್ಮ ಮಕ್ಕಳಿಗೆ ಒಂದು ಕೆಮ್ಮು ಬಂದಿಲ್ಲ."

ನಿಜ ಹೇಳಬೇಕೆಂದರೆ ಮಕ್ಕಳೆಲ್ಲ ಆವಿಗೆ ಕೆಮ್ಮುತ್ತಲೇ ಇದ್ದವು. ಮೇಲಿನಿಂದ ಉದುರುತ್ತಿದ್ದದ್ದು ಕಂದುಗೆಂಪು ಪುಡಿ. ಆ ಕತ್ತಲೆಯಲ್ಲಿ, ಆ ಆವಿಯಲ್ಲಿ, ಮಗುವಿನ ಒದ್ದೆ ಹಣೆಯ ಮೇಲೆ ಅದು ಕುಂಕುಮದಂತೆಯೇ ಕಾಣುತ್ತಿತ್ತು. ನಗಬೇಡಿ. ಹಗಲಿಡೀ ಬೆರಳು ಬೇಯಿಸಿಕೊಳ್ಳುವ ಹೆಂಗಸರಿಗೆ ತಲೆಯ ಮೇಲೆ ಯಾರೋ ತಾಯಿ ಕೂತು ಕಾಯುತ್ತಿದ್ದಾಳೆ ಎನ್ನುವುದು ಸಣ್ಣ ಸಮಾಧಾನವಲ್ಲ. ನಾನೂ ಕೈಮುಗಿದೆ.

ಸುಮಾರು ಒಂದು ತಿಂಗಳು ಕಳೆದಿರಬೇಕು. ಒಂದು ಬೆಳಿಗ್ಗೆ ಆ ಪುಡಿ ನನ್ನ ಹಣೆಯ ಮೇಲೂ ಬಿತ್ತು. ಕೈಯಲ್ಲಿ ಎಳೆ ಹಿಡಿದಿದ್ದೆ, ಒರೆಸಿಕೊಳ್ಳಲು ಬಿಡುವಾಗಲಿಲ್ಲ. ಪಕ್ಕದ ಸಾಲಿನಲ್ಲಿ ಯಾರೋ ನೋಡಿ ಕೂಗಿದರು. ಗಂಡ ಸತ್ತವಳ ಹಣೆಯ ಮೇಲೆ ಕುಂಕುಮ! ರಾಟೆಗಳು ನಿಂತವು. ಒಬ್ಬಳು ಇದು ಅಪಶಕುನ ಎಂದಳು, ಇನ್ನೊಬ್ಬಳು ಅಮ್ಮನಿಗೆ ಮೈಲಿಗೆಯಾಯಿತು ಎಂದಳು. ಸಾಹುಕಾರರು ಬಂದು ಎರಡು ಮಾರು ದೂರದಲ್ಲಿ ನಿಂತು ಹೇಳಿದರು: "ಅವಳನ್ನ ನಡೂಮಧ್ಯೆ ಯಾಕೆ ಕೂರ್ಸಿದೀರಿ? ಆ ಮೂಲೆ ಬೇಸಿನ್ ಕೊಡಿ."

ನಾನು ಮಗುವಿನ ಜೋಲಿ ಬಿಚ್ಚಿಕೊಂಡು ಮೂಲೆಗೆ ಹೋದೆ. ಅಂದಿನ ನಾಚಿಕೆ ಇವತ್ತಿಗೆ ಉಳಿದಿಲ್ಲ, ಸಿಟ್ಟು ಉಳಿದಿದೆ.

ಮೂಲೆಯ ಬೇಸಿನ್ನಿನ ನೇರ ಮೇಲೆ ನಾಲ್ಕನೆಯ ಗರ್ಡರ್ ಗೋಡೆಯೊಳಕ್ಕೆ ಹೋಗುವ ಜಾಗವಿತ್ತು. ಅಲ್ಲಿ ಕೂತವಳಿಗೆ ತಲೆಯೆತ್ತಿದರೆ ಬೇರೇನೂ ಕಾಣುವಂತಿರಲಿಲ್ಲ. ಗರ್ಡರಿನ ಸುತ್ತ ಗಾರೆ ಉಬ್ಬಿ ಬಿರುಕು ಬಿಟ್ಟಿತ್ತು. ಬಿರುಕಿನಿಂದ ಗೋಡೆಯ ಮೇಲೆ ಕಂದು ನೀರಿನ ಕಲೆ ನೆಲದ ತನಕ ಇಳಿದಿತ್ತು. ಅಲ್ಲಿಂದ ಉದುರುತ್ತಿದ್ದದ್ದು ಪುಡಿಯಲ್ಲ, ಚಕ್ಕೆ. ಹಪ್ಪಳದಂತೆ ಪದರ ಪದರವಾಗಿ, ಅಂಚು ಹರಿತವಾಗಿ ಇರುತ್ತಿದ್ದವು. ನನಗೆ ಕಬ್ಬಿಣದ ವಿಷಯ ಏನೂ ತಿಳಿಯದು. ಆದರೆ ಕುಂಕುಮ ಪದರ ಪದರವಾಗಿ ಬೀಳುವುದಿಲ್ಲ ಎಂಬುದು ತಿಳಿಯುತ್ತಿತ್ತು. ನಿಮ್ಮ ಅಪ್ಪನ ಜೋಲಿಯನ್ನು ಗರ್ಡರಿನಿಂದ ಬಿಚ್ಚಿ, ಬಾಗಿಲ ಹೊರಗಿನ ಹೊಂಗೆ ಮರಕ್ಕೆ ಕಟ್ಟಿದೆ. ಅವನು ಅತ್ತಾಗ ಎದ್ದು ಹೋಗಬೇಕಾಗುತ್ತಿತ್ತು. ಎದ್ದಾಗಲೆಲ್ಲ ಬೈಗುಳ.

ಆಷಾಢದ ಮಳೆ ಹಿಡಿದು ತಾರಸಿ ನೀರು ಕುಡಿದು ಭಾರವಾಗಿದ್ದ ಸಮಯ. ಪುಟ್ಟತಾಯಿ ಎಂಬುವಳು ನನ್ನ ಮುಂದಿನ ಸಾಲಿನಲ್ಲಿ ಕೂರುತ್ತಿದ್ದಳು, ನನ್ನ ವಯಸ್ಸಿನವಳೇ. ಅವಳ ಮಗಳು ಜೋಲಿಯಲ್ಲಿ ಮಲಗಿದ್ದಾಗ ಅಂಗೈಯಗಲದ ಒಂದು ತುಕ್ಕಿನ ಚಕ್ಕೆ ಬಿದ್ದು ಹುಬ್ಬಿನ ಮೇಲೆ ಸೀಳಿತು. ಕಣ್ಣಿಗೆ ತಗುಲದೆ ಉಳಿದದ್ದು ಒಂದು ಬೆರಳಿನಷ್ಟರಲ್ಲಿ. ಪುಟ್ಟತಾಯಿ ಕೂಸನ್ನೆತ್ತಿಕೊಂಡು ಕಿರುಚಿದ ದನಿಗೆ ಕಾರ್ಖಾನೆಯೇ ನಡುಗಿತು.

ಅಮ್ಮ ಮುನಿದಿದ್ದಾಳೆ ಎಂದರು. ಯಾಕೆ ಮುನಿದಳು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಎಲ್ಲರೂ ನನ್ನ ಮೂಲೆಯ ಕಡೆ ನೋಡಿದರು. ಸಾಹುಕಾರರು ಮಾತ್ರ ಬಾಯಿಬಿಟ್ಟೇ ಹೇಳಿದರು. ಒಂದು ಶಾಂತಿಪೂಜೆ ಮಾಡಿಸೋಣ, ಅಮ್ಮನ ತೊಲೆಗಳಿಗೆಲ್ಲ ಹೊಸ ಬಣ್ಣ ಹೊಡೆಸೋಣ, ಆಮೇಲೆ ಆ ಹೆಂಗಸಿನ ವಿಚಾರ ನೋಡೋಣ ಎಂದರು.

ಬಣ್ಣ ಹೊಡೆಯಲು ಮುನಿಸ್ವಾಮಿ ಮೇಸ್ತ್ರಿ ಬಂದರು. ಹಿಂದೆ ರೈಲ್ವೆಯಲ್ಲಿ ಕಬ್ಬಿಣದ ಸೇತುವೆಗಳ ಕೆಲಸ ಮಾಡಿ, ಈಗ ಸ್ವಂತಕ್ಕೆ ಕೆಲಸ ಹಿಡಿಯುತ್ತಿದ್ದ ವಯಸ್ಸಾದವರು. ತುಕ್ಕಿನ ಮೇಲೆಯೇ ಹಸಿರು ಬಣ್ಣ ಬಳಿಯುತ್ತಾ ಹೋದರು. ನಾವು ಕೆಳಗೆ ಕೆಲಸ ಮಾಡುತ್ತಲೇ ಇದ್ದೆವು. ಗರ್ಡರುಗಳು ಹೊಸ ಮದುವಣಗಿತ್ತಿಯರ ಹಾಗೆ ಹೊಳೆಯತೊಡಗಿದವು. ಹೆಂಗಸರ ಮುಖದಲ್ಲಿ ಗೆಲುವು ಬಂತು.

ಮಧ್ಯಾಹ್ನ ಅವರು ಊಟಕ್ಕೆ ಹೊರಗೆ ಹೋದರು. ಅಂದು ಮಳೆ ಬಿಟ್ಟು ಸುಡುವ ಬಿಸಿಲಿತ್ತು. ಹೊಂಗೆ ಮರದ ನೆರಳಿನಲ್ಲಿ ನನ್ನ ಮಗು ಮಲಗಿದ್ದರಿಂದಲೋ ಏನೋ, ಅವರು ಬಿಸಿಲಿನಲ್ಲೇ ಬುತ್ತಿ ಬಿಚ್ಚಿ ಕೂತರು. ನಾನು ಮಗುವಿಗೆ ಹಾಲು ಕೊಟ್ಟು ಏಳುತ್ತಿದ್ದಾಗ ಕುಡಿಯಲು ನೀರು ಕೇಳಿದರು. ತಂದುಕೊಟ್ಟೆ. ಪರ ಗಂಡಸರೊಡನೆ ಮಾತಾಡಿ ಅಭ್ಯಾಸವಿರಲಿಲ್ಲ. ನೆಲ ನೋಡಿಕೊಂಡೇ ಕೇಳಿದೆ.

"ಒಳಗೆ ನೆರಳಿತ್ತಲ್ಲ. ಇಲ್ಯಾಕೆ ಬಿಸಿಲಲ್ಲಿ?"

"ನಂಗೆ ಇಲ್ಲೇ ಚೆಂದ, ತಾಯಿ."

"ಒಳಗೆ ನಮ್ಮ ಮಕ್ಕಳು ಮಲಗವೆ."

ಅವರ ಕೈಯ ಮುದ್ದೆ ಬಾಯಿಗೆ ಹೋಗಲಿಲ್ಲ. ನನ್ನ ಮುಖ ನೋಡಿದರು, ಜೋಲಿ ನೋಡಿದರು.

"ಬಣ್ಣ ಹೊಡಿ ಅಂದ್ರು, ಹೊಡೀತಾ ಇದೀನಿ," ಎಂದರು. "ನಡೂ ಭಾಗಕ್ಕೇನೂ ಭಯ ಇಲ್ಲ. ಗೋಡೆ ಒಳಗೆ ಹೋಗಿರೋ ತುದಿಗಳು ಹೋಗಿಬಿಟ್ಟವೆ. ನಾಕು ವರ್ಷದ ಹಿಂದೆ ಸಾವ್ಕಾರ್ರೇ ಕರೆಸಿ ತೋರ್ಸಿದ್ರು. ತುದಿ ಕತ್ತರಿಸಿ ಹೊಸದು ಜೋಡಿಸ್ಬೇಕು, ಒಂದು ತಿಂಗಳು ಉರಿ ಹಚ್ಚಬೇಡಿ ಅಂದೆ. ತಿಂಗಳು ನಿಲ್ಸೋದಾ ಅಂತ ನಕ್ಕುಬಿಟ್ರು. ಆಮೇಲೆ ಕರೀಲೇ ಇಲ್ಲ. ಈಗ ಕರೆದ್ರು, ಬಣ್ಣಕ್ಕೆ."

ನಾಲ್ಕು ವರ್ಷ. ನನ್ನ ಕಿವಿಯಲ್ಲಿ ಅದೊಂದೇ ನಿಂತಿತು. ತಿಳಿದೂ ಬಣ್ಣ ಬಳಿಯುತ್ತಿದ್ದ ಆ ಮನುಷ್ಯನ ಮೇಲೂ ನನಗೆ ಸಿಟ್ಟು ಬಂತು. ನೀರಿನ ಚೊಂಬನ್ನು ಅವರ ಕೈಯಿಂದ ಕಿತ್ತುಕೊಂಡಂತೆ ತೆಗೆದುಕೊಂಡು ಒಳಗೆ ಹೋದೆ.

ಹೊನ್ನಕ್ಕ ರೊಟ್ಟಿ ಮುರಿಯುತ್ತಿದ್ದಳು. ಪಕ್ಕದಲ್ಲಿ ಕೂತು ಕೇಳಿದ್ದಷ್ಟನ್ನೂ ಹೇಳಿದೆ. ಮೊದಲು ಅವಳು ಹೊಡೆಯುವ ಹಾಗೆ ಕೈ ಎತ್ತಿದಳು.

"ಮುಚ್ಚೇ ಬಾಯಿ! ಅಮ್ಮನ್ನ ತುಕ್ಕು ಅಂತೀಯಾ?"

"ನಾನು ಅಮ್ಮನ್ನ ಏನೂ ಅಂದಿಲ್ಲ ಅಕ್ಕ. ಗರ್ಡರ್ ಕೆಟ್ಟದೆ ಅಂದೆ."

ಅವಳು ಎತ್ತಿದ ಕೈ ಇಳಿಸಿದಳು. ಅವಳದಲ್ಲದ ದನಿಯಲ್ಲಿ, ಮೆಲ್ಲಗೆ ಕೇಳಿದಳು. "ನಾಕು ವರ್ಷದ ಹಿಂದೆ ಅಂದನಾ?"

"ಹೂಂ."

"ಮೊದಲು ಕುಂಕುಮ ಅಂದೋಳು ನಾನೇ, ನಿಜ. ಸಾವ್ಕಾರ ಓಡಿಬಂದು ನೋಡಿ, ಹೌದೌದು ಹೊನ್ನಮ್ಮ, ಅಮ್ಮನೇ ಅಂದ. ಅವತ್ತೇ ಕಾಯಿ ತರಿಸಿ ಒಡೆದ. ನನ್ನ ಮಾತಿಗೆ ಎಷ್ಟು ಮರ್ಯಾದೆ ಕೊಟ್ನಲ್ಲ ಅಂತ ನಾನು ಉಬ್ಬಿಹೋಗಿದ್ದೆ ಕಣೇ." ರೊಟ್ಟಿಯನ್ನು ಕೆಳಗಿಟ್ಟಳು. "ತಿಳಿದೂ ತಿಳಿದೂ ಒಡೆದನಾ?"

ಎದ್ದು ಸೀದಾ ಹೊರಗೆ ಹೋದಳು. ನಾವೆಲ್ಲ ಹಿಂದೆ.

"ಏನಯ್ಯಾ ಮುನಿಸ್ವಾಮಿ, ಹೊಟ್ಟೆ ತುಂಬ್ತಾ?"

"ತುಂಬ್ತಮ್ಮ."

"ನಿನ್ನ ಮೊಮ್ಮಕ್ಕಳನ್ನ ಕರ್ಕೊಂಡು ಬಾ, ಒಳಗೆ ಜೋಲಿ ಖಾಲಿ ಅದೆ. ಮಲಗಿಸಿ ತೂಗ್ತೀನಿ. ಬಣ್ಣ ಚೆನ್ನಾಗಿ ಹೊಡೆದಿದೀಯಲ್ಲ, ಭಯ ಯಾಕೆ?"

ಅವರು ತಲೆ ತಗ್ಗಿಸಿದರು. ಹೊನ್ನಕ್ಕ ಬಿಡಲಿಲ್ಲ. "ಏಣಿ ಹಾಕು. ಆ ತುದಿ ಹೆಂಗದೆ ನಮಗೂ ತೋರ್ಸು. ಇಷ್ಟು ವರ್ಷ ಕೈಮುಗಿದಿದೀವಿ, ಮುಖ ನೋಡೋದು ಬೇಡ್ವಾ?"

ಮೇಸ್ತ್ರಿ ಏಣಿ ಹಾಕಿದರು. ಮೊದಲು ಗರ್ಡರಿನ ನಡುಭಾಗಕ್ಕೆ ಸುತ್ತಿಗೆಯಿಂದ ಬಡಿದರು, ಗಂಟೆಯ ಹಾಗೆ ಟಣ್ ಎಂದಿತು. ಆಮೇಲೆ ಗೋಡೆಯ ಹತ್ತಿರ ಬಡಿದರು. ಮಣ್ಣುಗೋಡೆಗೆ ಗುದ್ದಿದ ಸದ್ದು. ಚಾಣದಿಂದ ಉಬ್ಬಿದ ಗಾರೆ ಕೆಡವಿದಾಗ ಒಂದು ಮಂಕರಿಯಷ್ಟು ತುಕ್ಕು ನನ್ನ ಬೇಸಿನ್ನಿಗೆ ಸುರಿದು ನೀರು ಕೆಂಪಾಯಿತು. ಅವರು ಇಳಿದರು. ಹೊನ್ನಕ್ಕ ಸೀರೆ ಎತ್ತಿ ಸಿಕ್ಕಿಸಿ ತಾನೇ ಹತ್ತಿದಳು. ಎರಡು ಪಟ್ಟಿಗಳ ನಡುವೆ ನಿಂತ ತಗಡಿಗೆ ಬೆರಳು ಒತ್ತಿದಳು. ಬೆರಳು ಆಚೆ ಬಂತು.

ಅವಳು ಇಳಿದು ಬಂದು ಆ ಬೆರಳನ್ನು ನೋಡುತ್ತಾ ನಿಂತಳು. ಕಿರುಚಾಡುತ್ತಾಳೆ ಎಂದುಕೊಂಡಿದ್ದೆವು. ಕಿರುಚಲಿಲ್ಲ. ಹತ್ತಿರದ ಜೋಲಿಯಿಂದ ಕೂಸನ್ನೆತ್ತಿ ಅದರ ತಾಯಿಯ ಕೈಗೆ ಕೊಟ್ಟಳು, ಹಗ್ಗ ಬಿಚ್ಚಿದಳು. ಮುಂದಿನ ಜೋಲಿಗೆ ಹೋದಳು. ಯಾರೂ ಏನೂ ಹೇಳಬೇಕಾಗಲಿಲ್ಲ. ಉರಿಗಳಿಗೆ ನೀರು ಹೊಯ್ದು ಎಲ್ಲರೂ ಹೊರಗೆ ಬಂದು ಹೊಂಗೆ ಮರದ ಸುತ್ತ ಕೂತೆವು.

ಸಾಹುಕಾರರು ಓಡಿಬಂದರು. ಅವರ ಅವಸರಕ್ಕೆ ಕಾರಣವಿತ್ತು. ಹಿಂದಿನ ದಿನ ತಾನೇ ಚನ್ನಪಟ್ಟಣದ ಕಡೆಯಿಂದ ಗಾಡಿಗಟ್ಟಲೆ ಗೂಡು ಬಂದಿತ್ತು. ಗೂಡಿನೊಳಗಿನ ಹುಳ ಬದುಕಿರುತ್ತದೆ. ಕೆಲವೇ ದಿನಗಳಲ್ಲಿ ಅದು ಚಿಟ್ಟೆಯಾಗಿ ಗೂಡು ತೂತು ಮಾಡಿ ಹೊರಬರುತ್ತದೆ. ತೂತಾದ ಗೂಡಿನಿಂದ ಉದ್ದದ ಎಳೆ ತೆಗೆಯಲು ಬರುವುದಿಲ್ಲ, ಎಲ್ಲಾ ತುಂಡು ತುಂಡು. ಆವಿಯಲ್ಲಿ ಹುಳ ಸಾಯಿಸಿ ಗೂಡು ಒಣಗಿಸಿಡಬಹುದಿತ್ತು. ಆದರೆ ಆ ಕೆಲಸವೂ ನಮ್ಮ ಕೈಯದೇ.

"ಏನ್ರಮ್ಮಾ ಇದು? ಉರಿ ಆರ್ಸಿ ಆಚೆ ಕೂತಿದೀರಿ?"

"ಛಾವಣಿ ಸರಿ ಮಾಡ್ಸಿ, ಒಳಗೆ ಬರ್ತೀವಿ," ಎಂದಳು ಹೊನ್ನಕ್ಕ.

"ಬಣ್ಣ ಹೊಡೆಸ್ತಾ ಇಲ್ವಾ?"

"ಹೆಣಕ್ಕೂ ಸ್ನಾನ ಮಾಡಿಸ್ತಾರೆ ಸಾವ್ಕಾರ್ರೇ."

ಅವರ ಕಣ್ಣು ನನ್ನ ಮೇಲೆ ಬಿತ್ತು. "ಇದೆಲ್ಲಾ ಈ ಮುಂಡೆ ಕೆಲಸ. ಇವಳು ಕಾಲಿಟ್ಟ ಮೇಲೇನೇ ಅಮ್ಮ ಮುನಿದಿದ್ದು. ಇವಳನ್ನ ಆಚೆ ಹಾಕಿದ್ರೆ ಎಲ್ಲಾ ಸರಿಹೋಗುತ್ತೆ."

ನನ್ನ ತೊಡೆಯ ಮೇಲೆ ನಿಮ್ಮ ಅಪ್ಪ ಮಲಗಿದ್ದ. ನನಗೇ ಗೊತ್ತಿಲ್ಲದೆ ಮಾತು ಹೊರಬಂತು: "ನಿಮ್ಮ ಮೇಲೆ ಅಮ್ಮನಿಗೆ ಮುನಿಸಿಲ್ವಲ್ಲ. ನೀವು ಒಳಗೆ ಹೋಗಿ ಆ ತುದಿ ಕೆಳಗೆ ಕೂತ್ಕೊಳ್ಳಿ."

ನನ್ನ ದನಿ ಎಷ್ಟು ಸಣ್ಣದೆಂದರೆ ಅವರಿಗೆ ಕೇಳಿಸಲೇ ಇಲ್ಲ. "ಏನಂದ್ಳು?" ಎಂದರು. ಹುಬ್ಬಿಗೆ ಬಟ್ಟೆ ಕಟ್ಟಿದ ಮಗಳನ್ನು ಹೆಗಲಿಗೆ ಹಾಕಿಕೊಂಡಿದ್ದ ಪುಟ್ಟತಾಯಿ ಎದ್ದು ನಿಂತು, ನನ್ನ ಮಾತನ್ನು ಮೈಸೂರು ರಸ್ತೆಗೆ ಕೇಳಿಸುವಂತೆ ಹೇಳಿದಳು. "ನೀವು ಹೋಗಿ ಕೂತ್ಕೊಳ್ಳಿ ಅಂದ್ಳು! ಆ ತುದಿ ಕೆಳಗೆ! ಒಂದು ಊಟ ಮಾಡೋ ಹೊತ್ತು ಸಾಕು! ನಿಮಗೇನೂ ಆಗ್ಲಿಲ್ಲ ಅಂದ್ರೆ ನಾವೆಲ್ಲಾ ಬಂದು ಉರಿ ಹಚ್ತೀವಿ!"

ಹೆಂಗಸರೆಲ್ಲ ಅವರ ಮುಖವನ್ನೇ ನೋಡಿದರು. ಅವರು ಬಾಗಿಲ ತನಕ ಹೋದರು. ಹೊಸಿಲಿನ ಮೇಲೆ ನಿಂತು ಒಳಗಿನ ಮೂಲೆಯನ್ನು ನೋಡಿದರು. ಒಂದು ಕಾಲನ್ನೂ ಒಳಗಿಡಲಿಲ್ಲ. ಆ ಗಳಿಗೆಯವರೆಗೆ ಇನ್ನೂ ಅಮ್ಮನನ್ನೇ ನಂಬಿದ್ದ ಹೆಂಗಸರಿಗೂ ಆಗ ತಿಳಿಯಿತು.

ಸಾಹುಕಾರರು ಬೇರೆ ಊರಿನ ಹೆಂಗಸರನ್ನು ಕರೆತರುತ್ತೇನೆಂದರು. ಮಾಗಡಿ ರಸ್ತೆಯ ಕಡೆಯಿಂದ ಬಂದವರಿಗೆ ಹೊನ್ನಕ್ಕ ಬಾಗಿಲಲ್ಲೇ ತೂತು ತೋರಿಸಿದಳು, ಅವರು ಹಾಗೇ ತಿರುಗಿದರು. ಅಷ್ಟರಲ್ಲಿ ಗೂಡಿನ ಬುಟ್ಟಿಗಳಲ್ಲಿ ಸರಪರ ಸದ್ದು ಶುರುವಾಯಿತು. ಬಿಳಿ ಚಿಟ್ಟೆಗಳು ಒದ್ದೆ ರೆಕ್ಕೆ ಬಡಿಯುತ್ತಾ ಬುಟ್ಟಿಯ ಅಂಚಿಗೆ ಹತ್ತಿದವು. ಆ ಸದ್ದು ಕೇಳಿದ ದಿನವೇ ಸಾಹುಕಾರರು ಮುನಿಸ್ವಾಮಿಯವರಿಗೆ ಹೇಳಿಕಳಿಸಿದರು. ಗಮನಿಸಿ, ಪುಟ್ಟತಾಯಿಯ ಮಗಳ ರಕ್ತ ನೋಡಿದ ದಿನವಲ್ಲ. ಚಿಟ್ಟೆ ಹೊರಬಿದ್ದ ದಿನ.

ರಿಪೇರಿ ನಡೆದಷ್ಟು ದಿನ ನಮಗೆ ಬೇಸಿನ್ ಕೆಲಸವಿರಲಿಲ್ಲ. ನಾನೂ ಪುಟ್ಟತಾಯಿಯೂ ಗಾರೆ ಮಣ್ಣು ಹೊರುವ ಕೆಲಸಕ್ಕೆ ನಿಂತೆವು. ಹಾಗಾಗಿ ಎಲ್ಲವನ್ನೂ ಕಣ್ಣಾರೆ ಕಂಡೆ. ಕೆಟ್ಟ ಗರ್ಡರನ್ನು ಸರಿಮಾಡುವುದು ಹೇಗೆಂದು ನಿಮಗೂ ಗೊತ್ತಿರಲಿ.

ಮೊದಲು ಗರ್ಡರಿನ ಹೊರೆ ಇಳಿಸಬೇಕು. ತಾರಸಿಯನ್ನು ಕೀಳುವಂತಿಲ್ಲ, ಆದ್ದರಿಂದ ಗೋಡೆಯಿಂದ ಸ್ವಲ್ಪ ಈಚೆಗೆ ಸರ್ವೆ ಮರದ ದಪ್ಪ ಕಂಬಗಳನ್ನು ಆಸರೆ ಕೊಟ್ಟು, ಬುಡದಲ್ಲಿ ಮರದ ಬೆಣೆ ಸಿಕ್ಕಿಸಿ, ಎರಡು ಕಡೆಯಿಂದ ಒಂದೊಂದೇ ಏಟು ಹಾಕುತ್ತಾ ಭಾರವನ್ನು ಕಂಬಗಳ ಮೇಲೆ ತರುತ್ತಾರೆ. ಅವಸರ ಮಾಡಿದರೆ ಮೇಲಿನ ಗಾರೆ ಸೀಳುತ್ತದೆ. ಆಮೇಲೆ ಗೋಡೆ ಒಡೆದು ತುದಿಯನ್ನು ಬಯಲಿಗೆ ತರುತ್ತಾರೆ. ತುಕ್ಕನ್ನು ಸುತ್ತಿಗೆಯಿಂದ ಉದುರಿಸಿ, ತಂತಿ ಬ್ರಷ್ಷಿನಿಂದ ಉಜ್ಜಿ, ಹೊಳೆಯುವ ಕಬ್ಬಿಣ ಕಾಣುವವರೆಗೆ ಹೋಗಬೇಕು. ಅಲ್ಲಿಯವರೆಗೂ ಎಷ್ಟು ಉಳಿದಿದೆ, ಎಷ್ಟು ಹೋಗಿದೆ ಎಂದು ತಿಳಿಯುವುದಿಲ್ಲ. ಬಣ್ಣ ಬಳಿದ ಗರ್ಡರಿನಲ್ಲಿ ತಿಳಿಯಲು ಸಾಧ್ಯವೇ ಇಲ್ಲ.

ನನ್ನ ಮೂಲೆಯ ನಾಲ್ಕನೆಯ ಗರ್ಡರಿಗೆ ಬೆಣೆ ಹೊಡೆದಾಗ ಅದು ಸ್ವಲ್ಪ ಮೇಲೆದ್ದಿತು. ಎದ್ದ ಕೂಡಲೇ ಗೋಡೆಯೊಳಗಿನ ತುದಿ ತಾನಾಗಿಯೇ ಮುರಿದು ಅಲ್ಲೇ ಕೂತಿತು, ಉಳಿದ ಗರ್ಡರ್ ಕಂಬಗಳ ಮೇಲೆ ನಿಂತಿತು. ಮುನಿಸ್ವಾಮಿ ಮೇಸ್ತ್ರಿ ಹಣೆಯ ಬೆವರು ಒರೆಸಿಕೊಂಡರು.

"ಇದು ಗೋಡೆ ಮೇಲೆ ಕೂತೇ ಇರ್ಲಿಲ್ಲ ತಾಯಿ. ಸುತ್ತ ಇದ್ದ ಗಾರೆ ಹಿಡ್ಕೊಂಡಿತ್ತು, ಅಷ್ಟೇ. ಇನ್ನೊಂದು ಮಳೆಗಾಲ..." ಎಂದು ನಿಲ್ಲಿಸಿದರು. ಬೆಣೆಯನ್ನು ಒಮ್ಮೆ ಮುಟ್ಟಿ ನೋಡಿ, "ನೀವು ಕೇಳಿದ್ದು ಒಳ್ಳೇದಾಯ್ತು," ಎಂದರು.

"ಕೇಳದಿದ್ರೆ ನೀವು ಹೇಳ್ತಾ ಇರ್ಲಿಲ್ಲ," ಎಂದೆ.

ಅವರು ಮತ್ತೆ ಏಣಿ ಹತ್ತಿದರು. ಕೆಲಸದಲ್ಲಿ ಒಂದಿಷ್ಟೂ ಮೋಸ ಮಾಡಲಿಲ್ಲ. ಕೊಳೆತ ತುದಿಗಳನ್ನು ಗರಗಸದಿಂದ ಕತ್ತರಿಸಿದರು. ಇಂಗ್ಲಿಷಿನ ಸಿ ಅಕ್ಷರದ ಆಕಾರದ ಚಾನಲ್ ಎಂಬ ಹೊಸ ಉಕ್ಕಿನ ತುಂಡುಗಳನ್ನು ಗರ್ಡರಿನ ಎರಡೂ ಪಕ್ಕಕ್ಕೆ ಬೆನ್ನು ಕೊಟ್ಟು ನಿಲ್ಲಿಸಿ, ಗಟ್ಟಿ ಕಬ್ಬಿಣ ಇರುವಲ್ಲಿಯವರೆಗೆ ತೂತು ಕೊರೆದು, ದಪ್ಪ ಬೋಲ್ಟುಗಳಿಂದ ಬಿಗಿದರು. ಈಗ ಗೋಡೆಯ ಮೇಲೆ ಕೂರುವುದು ಆ ಚಾನಲ್ಲುಗಳು. ಅವುಗಳ ಕೆಳಗೆ ಇಟ್ಟಿಗೆಯ ಬದಲು ಕಲ್ಲಿನ ದಿಮ್ಮಿ. ಸುತ್ತ ಗಾರೆ ತುಂಬದೆ ಗಾಳಿಯಾಡಲು ಸಂದು ಬಿಟ್ಟರು. ಕಬ್ಬಿಣಕ್ಕೆ ಮೊದಲು ರೆಡ್ ಲೆಡ್ ಎಂಬ ತುಕ್ಕು ತಡೆಯುವ ಕೆಂಪು ಬಣ್ಣ ಎರಡು ಸಲ, ಅದು ಒಣಗಿದ ಮೇಲೆ ಹಸಿರು. ಕೊನೆಗೆ ತಾರಸಿಯಲ್ಲಿ ಆವಿ ಹೋಗಲು ಕಿಂಡಿಗಳು. ಇಷ್ಟಕ್ಕೆ ಒಂದು ತಿಂಗಳೂ ಹಿಡಿಯಲಿಲ್ಲ. ಒಂದು ತಿಂಗಳನ್ನು ಉಳಿಸಲು ಆ ಮನುಷ್ಯ ನಾಲ್ಕು ವರ್ಷ ನಮ್ಮ ಮಕ್ಕಳನ್ನು ಅದರ ಕೆಳಗೆ ತೂಗಿಸಿದ್ದ.

ಕಾರ್ಖಾನೆ ಮತ್ತೆ ತೆರೆದ ದಿನ ಪೂಜೆ ಇಟ್ಟಿದ್ದರು. ಊರಿನ ನಾಲ್ಕು ದೊಡ್ಡ ಮನುಷ್ಯರನ್ನು ಕರೆದಿದ್ದರು. ಸಾಹುಕಾರರು ಹಾರ ಹಾಕಿಸಿಕೊಂಡು ಮಾತಾಡಿದರು. ಹೆಣ್ಣುಮಕ್ಕಳ ಕ್ಷೇಮಕ್ಕಾಗಿ ತಾವೇ ಮುಂದೆ ನಿಂತು ಕಟ್ಟಡ ಭದ್ರಪಡಿಸಿದ್ದಾಗಿಯೂ, ತಾಯಿಯ ದಯೆಯಿಂದ ಯಾರಿಗೂ ಏನೂ ಆಗಲಿಲ್ಲವೆಂದೂ ಹೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಹೆಂಗಸರನ್ನು ಒಬ್ಬೊಬ್ಬರಾಗಿ ಒಳಗೆ ಬಿಟ್ಟರು. ನನ್ನ ಸರದಿ ಬಂದಾಗ ಬಾಗಿಲಲ್ಲಿದ್ದವನು ಕೈ ಅಡ್ಡ ಹಿಡಿದ. "ನಿನ್ನ ಬೇಸಿನ್ ಬೇರೆಯೋರಿಗೆ ಕೊಟ್ಟಾಗಿದೆ," ಎಂದ.

ಹೊನ್ನಕ್ಕ ತಿರುಗಿ ನೋಡಿದಳು. ಬಾಗಿಲ ತನಕ ವಾಪಸು ಬಂದಳು. ಪುಟ್ಟತಾಯಿಯೂ ಬಂದಳು. ಒಂದಷ್ಟು ಹೊತ್ತು ಕೂಗಾಡಿದರು. ಸಾಹುಕಾರರು ಗದ್ದಲ ಕೇಳಿಸದವರಂತೆ ದೊಡ್ಡ ಮನುಷ್ಯರಿಗೆ ಹಾಲು ಹಣ್ಣು ಕೊಡುತ್ತಿದ್ದರು. ತಿಂಗಳಿಂದ ಯಾರ ಮನೆಯಲ್ಲೂ ಸರಿಯಾಗಿ ಒಲೆ ಉರಿದಿರಲಿಲ್ಲ. ಹೊನ್ನಕ್ಕ ನನ್ನ ಕೈ ಹಿಡಿದುಕೊಂಡು, "ನಾಳೆ ನಮ್ಮನೇಲಿ ಹಿಟ್ಟಿಲ್ಲ ಕಣವ್ವ," ಎಂದಳು. ಕಣ್ಣಲ್ಲಿ ನೀರಿತ್ತು. ನಾನು, "ಹೋಗಿ ಅಕ್ಕ," ಎಂದೆ. ಅವರು ಒಳಗೆ ಹೋದರು. ಅವರ ಮೇಲೆ ನನಗೆ ಸಿಟ್ಟೇ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು, ಮನೆ ತಲುಪುವಷ್ಟರಲ್ಲಿ ಇಳಿಯಿತು. ಆ ಛಾವಣಿಯ ಕೆಳಗೆ ಅವರ ಮಕ್ಕಳು ಇನ್ನು ನೆಮ್ಮದಿಯಾಗಿ ಮಲಗುತ್ತವೆ ಎಂದು ನೆನೆದಾಗ ಇಳಿಯಿತು. ಸಾಹುಕಾರನ ಮೇಲಿನದು ಇಳಿಯಲಿಲ್ಲ.

ಆಮೇಲೆ ರಾಜಾಜಿನಗರದಲ್ಲಿ ಹೊಸದಾಗಿ ಎದ್ದ ಶೆಡ್ಡೊಂದರಲ್ಲಿ ಕೆಲಸ ಸಿಕ್ಕಿತು. ಅಲ್ಲಿಂದ ಇನ್ನೊಂದಕ್ಕೆ, ಮತ್ತೊಂದಕ್ಕೆ. ಮೂವತ್ತು ವರ್ಷಕ್ಕೂ ಮೇಲೆ ದುಡಿದು ನಿಮ್ಮ ಅಪ್ಪನನ್ನು ಓದಿಸಿದೆ. ಎಲ್ಲಿ ಹೋದರೂ ಮೊದಲ ದಿನ ತಲೆಯೆತ್ತಿ ಛಾವಣಿ ನೋಡುತ್ತಿದ್ದೆ. ತೊಲೆ ಗೋಡೆಗೆ ಸೇರುವ ಜಾಗ ತೋರಿಸಿ ಎಂದು ಕೇಳುತ್ತಿದ್ದೆ. ನಗುತ್ತಿದ್ದರು, ಕೆಲವು ಕಡೆ ಬೈದರು. ಸಣ್ಣ ದನಿಯಲ್ಲಿ ಕೇಳಿದರೂ, ಎರಡು ಸಲ ಕೇಳಿದರೆ ಕೇಳಿಸುತ್ತದೆ ಎಂಬುದನ್ನು ಕಲಿತೆ.

ಆ ಛಾವಣಿ ಬಿದ್ದಿದ್ದರೆ ಊರೆಲ್ಲ ಸೇರುತ್ತಿತ್ತು, ಪೊಲೀಸರು ಬರುತ್ತಿದ್ದರು, ಯಾರು ಕಾರಣ ಎಂದು ಯಾರಾದರೂ ಕೇಳುತ್ತಿದ್ದರು. ಬೀಳಲಿಲ್ಲ. ಬೀಳದ ಛಾವಣಿಗೆ ಯಾರೂ ಉತ್ತರ ಹೇಳಬೇಕಾಗಿಲ್ಲ, ಅದನ್ನು ಬೀಳದಂತೆ ತಡೆದವರನ್ನು ಯಾರೂ ನೆನೆಯುವುದೂ ಇಲ್ಲ. ಹಾರ ಹಾಕಿಸಿಕೊಂಡವನು ಹೇಳಿದ್ದೇ ನಿಜವಾಗಿ ಉಳಿಯಿತು. ಹೊನ್ನಕ್ಕ ಹೋದಳು, ಪುಟ್ಟತಾಯಿಯೂ ಹೋದಳು, ನಾನು ಉಳಿದಿದ್ದೇನೆ. ಅದಕ್ಕೇ ಬರೆದಿಟ್ಟೆ.

ಅಜ್ಜಿ ಕೋಪ ಮಾಡ್ಕೋಬೇಡ, ಬಿಪಿ ಏರುತ್ತೆ ಎನ್ನುತ್ತೀರಿ. ಏರಲಿ. ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟೇ: ಸಿಟ್ಟು ಬರುವುದಾದರೆ ಛಾವಣಿ ಬೀಳುವ ಮೊದಲೇ ಬರಬೇಕು. ಬಿದ್ದ ಮೇಲೆ ಬರುವುದು ಬರೀ ಅಳು.